ಸೌತೆಕಾಯಿ ಕೊಯ್ಯದ ಕತ್ತಿ

ನಾನು ಮದುವೆಯಾಗಿ ತುಮಕೂರಿಗೆ ಬಂದಾಗ ಗಂಡನ ಮನೆಯ ಹಜಾರದಲ್ಲಿ ದೇವರ ಪಟಗಳಿಗಿಂತ ಕತ್ತಿಗಳೇ ಹೆಚ್ಚಿದ್ದವು. ಗಾಜಿನ ಬೀರುವಿನೊಳಗೆ ಕತ್ತಿಗಳ ಜೊತೆ ಒಂದು ಗದೆ, ಒಂದು ಕಿರೀಟ, ಕೆಂಪು ವೆಲ್ವೆಟ್ ಹಿಡಿಯ ಒಂದು ಚೂರಿ. ಎಲ್ಲವೂ ಹಿತ್ತಾಳೆ ತಗಡಿನವು. ನಾಟಕದ ಕಂಪನಿಯ ಸಾಮಾನು ನೋಡಿಕೊಂಡು ಅದೇ ಅಳತೆಗೆ ಗುಬ್ಬಿಯ ಕಂಚುಗಾರನೊಬ್ಬ ಮಾಡಿಕೊಟ್ಟಿದ್ದ. ಕುಣಿಗಲ್ಲಿನ ನನ್ನ ತವರಿನಲ್ಲಿ ಆಯುಧ ಅಂತ ಇದ್ದದ್ದು ಈಳಿಗೆಮಣೆ ಒಂದೇ.

ಮಾವನವರು ಸರ್ಕಾರಿ ಕಚೇರಿಯಿಂದ ರಿಟೈರ್ ಆದವರು. ನಾಟಕದ ಹುಚ್ಚಿರಬೇಕು ಅಂದುಕೊಂಡಿದ್ದೆ. ಅದಿರಲಿಲ್ಲ. ಹರೆಯದಲ್ಲಿ ಗುಬ್ಬಿಯಲ್ಲಿ ಒಮ್ಮೆ ನಾಟಕಕ್ಕೆ ಹೋಗಿ ನಿದ್ದೆ ಮಾಡಿದ್ದರಂತೆ. ಗ್ಯಾಸ್‌ಲೈಟಿನ ಬೆಳಕು ರಾಜನ ಕತ್ತಿಗೆ ಬಿದ್ದು ಕಣ್ಣಿಗೆ ಹೊಡೆದಾಗ ಎಚ್ಚರವಾಯಿತು. ಕಥೆ ಏನಾಯಿತೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದೂ ಅನಿಸಲಿಲ್ಲ. ಅಂಥ ಹೊಳಪು ಮನೆಯಲ್ಲಿರಬೇಕು ಅನಿಸಿತು, ಅಷ್ಟೆ.

ಭಾನುವಾರ ಬಂತೆಂದರೆ ಅವುಗಳಿಗೆ ಅಭ್ಯಂಜನ. ಹಿತ್ತಾಳೆಗೆ ಹುಣಸೆಹಣ್ಣು, ಚೂರು ಉಪ್ಪು. ವೆಲ್ವೆಟ್ಟಿಗೆ ನೀರು ತಾಗದ ಹಾಗೆ ಹಿಡಿಗೆ ಬಟ್ಟೆ ಸುತ್ತಬೇಕು. ತೊಳೆದ ಮೇಲೆ ಹಳೇ ಪಂಚೆಯಲ್ಲಿ ಒರೆಸಿ, ಕಾಂಪೌಂಡ್ ಗೋಡೆಯ ಮೇಲೆ ಸಾಲಾಗಿಟ್ಟು ಒಣಗಿಸಿ, ಕೊನೆಗೆ ಕೊಬ್ಬರಿ ಎಣ್ಣೆಯ ತೆಳುವಾದ ಕೈ. ಕಿರೀಟಕ್ಕೆ ಚಿನ್ನದ ಬಣ್ಣದ ಲೇಪ ಇದ್ದುದರಿಂದ ಅದನ್ನು ಒಣಬಟ್ಟೆಯಲ್ಲಿ ಸವರುವುದು ಮಾತ್ರ, ಉಜ್ಜುವಂತಿಲ್ಲ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಕಲೆ ಕೂರುತ್ತದೆಂದು ಸ್ವಂತ ಮಕ್ಕಳನ್ನೂ ಹತ್ತಿರ ಬಿಡುತ್ತಿರಲಿಲ್ಲ. ಸಾರಿಗೆ ಇಲ್ಲದಿದ್ದರೂ ರಾಜರಿಗೆ ಹುಣಸೆಹಣ್ಣು ಬೇಕು ಎಂದು ಅತ್ತೆ ವಾರವಾರವೂ ಹೇಳುತ್ತಿದ್ದರು. ವಾರವಾರವೂ ಕೊಡುತ್ತಿದ್ದರು.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ಎದುರುಮನೆಗೆ ಹೊಸಬರು ಬಾಡಿಗೆಗೆ ಬಂದರು. ಬಂದ ಮೊದಲ ಭಾನುವಾರ ಬಾಗಿಲು ತೆಗೆದವರಿಗೆ ನಮ್ಮ ಕಾಂಪೌಂಡಿನ ಮೇಲೆ ಬಿಸಿಲು ಕಾಯುತ್ತಿದ್ದ ಕತ್ತಿಗಳು ಕಂಡವು. ಅವರು ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್ ಸೈಕಲ್ಲಿನಲ್ಲಿ ಬಂದ.

ವಯಸ್ಸಿನ್ನೂ ಚಿಕ್ಕದು, ಮರ್ಯಾದಸ್ಥ. ಬೂಟು ಬಿಚ್ಚಿ ಬರಬೇಕೋ ಬೂಟಿನಲ್ಲೇ ಬರಬೇಕೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದ. ಬೀರು ನೋಡಿದ ಕೂಡಲೇ ಅವನಿಗೆ ಸಮಾಧಾನವಾಯಿತು.

"ಇವೆಲ್ಲ ಡೂಪ್ಲಿಕೇಟ್ ಅಂತ ಒಂದ್ ಮಾತು ಹೇಳಿ ಸಾರ್, ನಾನ್ ಹೋಗ್ತೀನಿ" ಅಂದ.

"ಡೂಪ್ಲಿಕೇಟ್ ಅಲ್ಲ" ಅಂದರು ಮಾವ.

"ಅಂದ್ರೆ, ಒರಿಜಿನಲ್ಲಾ?"

"ಒರಿಜಿನಲ್ ನಾಟಕದ ಕತ್ತಿ."

ಕಾನ್‌ಸ್ಟೇಬಲ್ ಯೋಚಿಸಿದ. ಡೂಪ್ಲಿಕೇಟ್ ಅಲ್ಲದಿದ್ದರೆ ಸ್ಟೇಷನ್ನಿಗೆ ಬರಬೇಕಾಗುತ್ತದೆಂದು ಬೇಜಾರಿನಿಂದಲೇ ಹೇಳಿದ. ಮಾವ ಶರ್ಟು ಹಾಕಿಕೊಳ್ಳಲು ಎದ್ದರು. ಜೈಲಿಗೆ ಹೋದರೂ ಸರಿ, ಆ ಮಾತು ಅವರ ಬಾಯಿಂದ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಿಂದ ಒಂದು ಮಣೆ, ಅದರ ಮೇಲೊಂದು ಸೌತೆಕಾಯಿ ತಂದು ಕಾನ್‌ಸ್ಟೇಬಲ್ ಮುಂದಿಟ್ಟರು. "ಇದನ್ನ ಕೊಯ್ದ್ ನೋಡಪ್ಪ. ಕೊಯ್ದ್ರೆ ಅವ್ರನ್ನ ಕರ್ಕೊಂಡ್ ಹೋಗು" ಅಂದರು.

ಮಾವ ಬೇಡವೆನ್ನುವ ಮೊದಲೇ ಅವನು ದೊಡ್ಡ ಕತ್ತಿ ಎತ್ತಿಕೊಂಡು ಹೊಡೆದ. ಸೌತೆಕಾಯಿ ಉರುಳಿ ಮಂಚದ ಕೆಳಗೆ ಹೋಯಿತು. ಕಾನೂನಿನ ಕೆಲಸ ಅರ್ಧಕ್ಕೆ ಬಿಡಬಾರದೆಂದೋ ಏನೋ, ಅದನ್ನು ತೆಗೆದು ತಂದು ಇನ್ನೊಮ್ಮೆ ಜೋರಾಗಿ ಹೊಡೆದ. ಸೌತೆಕಾಯಿ ಹಾಗೇ ಇತ್ತು. ಕತ್ತಿ ಮಣೆಯ ಅಂಚಿಗೆ ಬಡಿದು ನಡುವಿಗೆ ಮಡಚಿಕೊಂಡಿತು.

ಕಾನ್‌ಸ್ಟೇಬಲ್ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮಾವ ಅದನ್ನು ಇಸಿದುಕೊಂಡು, ಬೆರಳಚ್ಚು ಒರೆಸಿ, ಬೀರುವಿನಲ್ಲಿಟ್ಟು ಒಳಗೆ ಹೋಗಿ ಮಲಗಿದರು. ಆ ಸೌತೆಕಾಯಿಯಲ್ಲಿ ಅತ್ತೆ ಕೋಸಂಬರಿ ಮಾಡಿದರು. ಮಾವ ಬಡಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಅವರು ಹುಣಸೆಹಣ್ಣು ಕೇಳಲಿಲ್ಲ. ಅತ್ತೆಗೆ ಗಾಬರಿಯಾದದ್ದು ಆಗಲೇ. ಅದೇ ದಿನ ಕಾನ್‌ಸ್ಟೇಬಲ್ ಪಂಚೆ ಉಟ್ಟುಕೊಂಡು ಬಂದ. ಕತ್ತಿ ನೆಟ್ಟಗೆ ಮಾಡಿಸಿಕೊಡುತ್ತೇನೆ, ಮಾಡಿದವನು ಎಲ್ಲಿದ್ದಾನೆ ತೋರಿಸಿ ಅಂದ. ಇಬ್ಬರೂ ಕತ್ತಿಯನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಗುಬ್ಬಿ ಬಸ್ ಹತ್ತಿದರು. ಪೊಲೀಸಿನವನು ಜೊತೆಗಿದ್ದದ್ದರಿಂದ ಗಂಟಿನಲ್ಲೇನಿದೆಯೆಂದು ಯಾರೂ ಕೇಳಲಿಲ್ಲವಂತೆ.

ಗುಬ್ಬಿಯಲ್ಲಿ ಕಂಚುಗಾರನ ಅಂಗಡಿ ಮುಚ್ಚಿತ್ತು. ಸ್ಟೀಲ್ ಪಾತ್ರೆ ಬಂದ ಮೇಲೆ ವ್ಯಾಪಾರ ನಿಂತು, ತುಮಕೂರಿನ ಅಂಚಿನ ಸತ್ಯಮಂಗಲದ ಒಂದು ಪಾತ್ರೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದ್ದ. ಅಂದರೆ ಗುಬ್ಬಿಯಲ್ಲಿ ಹುಡುಕಿದವನು ಭಾನುವಾರವೂ ಬಿಡದೆ ದಿನಾ ತುಮಕೂರಿಗೇ ಬರುತ್ತಿದ್ದ. ಮರುದಿನ ಊಟದ ಬಿಡುವಿನಲ್ಲಿ ಅಲ್ಲೇ ಹಿಡಿದರು. ಅವನು ಕತ್ತಿ ತಿರುಗಿಸಿ ನೋಡಿ, "ಯಾರ್ ಮೇಲ್ ಬೀಸಿದ್ರಿ ಇದ್ನ?" ಅಂತ ಕೇಳಿದ.

"ಸೌತೆಕಾಯಿ ಮೇಲೆ" ಅಂದ ಕಾನ್‌ಸ್ಟೇಬಲ್.

ಕಂಚುಗಾರ ಮುಂದೆ ಕೇಳಲಿಲ್ಲ. ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೆಟ್ಟಗೆ ಮಾಡಿದ. ಇನ್ನೂ ಬಡಿದರೆ ತಗಡು ಸೀಳುತ್ತದೆಂದು ನಡುವಿನ ಗೆರೆ ಹಾಗೇ ಬಿಟ್ಟ. ಮಾವ ಆ ಗೆರೆಯನ್ನು ದಾರಿಯುದ್ದಕ್ಕೂ ನೋಡುತ್ತಿದ್ದರಂತೆ. ಮನೆಗೆ ಬಂದು ಹುಣಸೆಹಣ್ಣು ಕೇಳಿದರು. ಸೋಮವಾರವಾಗಿತ್ತು. ಅತ್ತೆ ಒಂದು ಮಾತೂ ಆಡದೆ ದೊಡ್ಡ ಉಂಡೆಯನ್ನೇ ಕೊಟ್ಟರು.

ಆಮೇಲೆ ಡ್ಯೂಟಿ ಇಲ್ಲದ ಭಾನುವಾರ ಕಾನ್‌ಸ್ಟೇಬಲ್ ಬರತೊಡಗಿದ. ಗೆರೆಯೊಳಗೆ ಕೂತ ಕಪ್ಪನ್ನು ಬಟ್ಟೆಯ ಬತ್ತಿ ಮಾಡಿ ತೆಗೆಯುವುದು ಅವನೇ ಕಂಡುಕೊಂಡ ಉಪಾಯ. ಮಾವ ಹೊಗಳಲಿಲ್ಲ. ಕಿರೀಟ ಒರೆಸಲು ಕೊಟ್ಟರು. ನನ್ನ ಗಂಡ ಹಜಾರದಲ್ಲಿ ಪೇಪರ್ ಹಿಡಿದು ಕೂತು ಇದನ್ನು ನೋಡುತ್ತಿದ್ದರು, ಪುಟ ತಿರುಗಿಸುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅವನಿಗೆ ಕುಣಿಗಲ್ಲಿಗೆ ವರ್ಗವಾಯಿತು. ಹೊರಡುವ ದಿನ ಮಾವ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಟ್ರಂಕಿನೊಳಗಿಟ್ಟು, ಮಳೆಗಾಲದಲ್ಲಿ ಎಣ್ಣೆ ಮರೀಬೇಡ ಅಂದರು. ಅವನು ಕಾಲಿಗೆ ನಮಸ್ಕಾರ ಮಾಡಿದ.

ಆ ದೀಪಾವಳಿಗೆ ತವರಿಗೆ ಹೋದಾಗ ನಾನು ಅವನ ಕ್ವಾರ್ಟರ್ಸಿಗೂ ಹೋಗಿಬಂದೆ. ಚೂರಿ ಗೋಡೆಯ ಮೇಲೆ ಫಳಫಳ ಅನ್ನುತ್ತಿತ್ತು. ಬಂದು ಹೇಳಿದೆ. ಯಾವ ಗೋಡೆ ಅಂತ ಕೇಳಿದರು ಮಾವ. ಕಿಟಕಿಯ ಎದುರಿನದು ಅಂದೆ.

"ಬಿಸ್ಲಿಗೆ ವೆಲ್ವೆಟ್ ಬಣ್ಣ ಹೋಗುತ್ತೆ ಕಣಮ್ಮ" ಅಂದರು.

ಮಾರನೆಯ ಬೆಳಿಗ್ಗೆ ಕುಣಿಗಲ್ ಬಸ್ ಹತ್ತಿದರು. ಸಂಜೆಗೆ ಬರುತ್ತೇನೆ ಅಂದವರು ಬರಲಿಲ್ಲ. ಯಾರ ಮನೆಯಲ್ಲೂ ಉಳಿಯದ ಮನುಷ್ಯ ಅಲ್ಲಿ ಉಳಿದು, ಹೊಸ ಮೊಳೆ ಹೊಡೆಸಿ, ಎರಡು ದಿನ ಬಿಟ್ಟು ಬಂದರು. ಊಟ ಹೇಗಿತ್ತೆಂದು ಅತ್ತೆ ಕೇಳಿದ್ದಕ್ಕೆ, ಚೆನ್ನಾಗಿತ್ತು, ಸಾರಿಗೆ ಹುಳಿ ಸ್ವಲ್ಪ ಕಮ್ಮಿ ಅಂದರು.