ಮುನಿರಾಜಣ್ಣನ ಬಾಗಿನ

ಮುನಿರಾಜಣ್ಣ ಎರಡೂ ಕೈ ಎತ್ತಿ ಮುಗಿದರು ಅಂದರೆ ಯಾರದೋ ಹೊಟ್ಟೆ ಮೇಲೆ ಹೊಡೆಯೋ ಹೊತ್ತು ಬಂತು ಅಂತಲೇ ಅರ್ಥ. ಬೈಯುವ ಓನರ್‌ಗಳನ್ನ ಕಂಡಿದ್ದೇನೆ, ಬೈದು ಮರೆತುಬಿಡುತ್ತಾರೆ. ನಗುನಗುತ್ತಾ ಕೈ ಮುಗಿದು ಕುತ್ತಿಗೆ ಕೊಯ್ಯುವವರನ್ನ ಕಂಡಿದ್ದು ಇವರೊಬ್ಬರನ್ನೇ.

ಯಲಹಂಕದಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿ ಅವರ ಗಾರ್ಮೆಂಟ್ಸ್. ಅಪ್ಪನ ಕಾಲದ ರಾಗಿ ಹೊಲದಲ್ಲಿ ಶೀಟು ಹೊದಿಸಿ, ಮಿಷನ್ ಸಾಲು ಹಾಕಿಸಿ, ನಮ್ಮಂಥ ಹೆಂಗಸರನ್ನ ತುಂಬಿದ್ದರು. ಹನ್ನೆರಡು ವರ್ಷ ಅಲ್ಲಿ ನಾನು ಕಾಲರ್ ಹೊಲಿದೆ. ಸರ್ ಅಂದರೆ ಅವರಿಗೆ ಬೇಜಾರು. "ಅಣ್ಣ ಅನ್ರವ್ವ. ನೀವೆಲ್ಲಾ ನಮ್ಮನೆ ಎಣ್ಮಕ್ಳು." ಈ ಮನೆ ಹೆಣ್ಣುಮಕ್ಕಳು ಬಾತ್‌ರೂಮಿಗೆ ಹೋಗೋಕೆ ಸೂಪರ್‌ವೈಸರ್ ಹತ್ತಿರ ಟೋಕನ್ ಇಸ್ಕೋಬೇಕಿತ್ತು.

ಕನಿಷ್ಠ ಸಂಬಳ ಏರುತ್ತಂತೆ ಅಂತ ಟೀವಿಯಲ್ಲಿ ಬಂದ ಮಾರನೇ ದಿನ, ಊಟದ ಹೊತ್ತಿಗೆ ಬಂದು ನಮ್ಮ ಜೊತೆ ನೆಲದ ಮೇಲೆ ಕೂತರು. ನನ್ನ ಡಬ್ಬಿಗೇ ಕೈ ಹಾಕಿ ಚಿತ್ರಾನ್ನ ತಿನ್ನುತ್ತಾ ಶುರು ಮಾಡಿದರು.

"ಸಂಬ್ಳ ಸಂಬ್ಳ ಅಂತ ಬಡ್ಕೊಳೋರು ಒರಗಿನೋರು ಕಣ್ರವ್ವ. ಮನೆಯೋರು ಲೆಕ್ಕ ಕೇಳ್ತಾರಾ? ನಮ್ ಅಕ್ತಂಗೀರ್ನ ನೋಡಿ. ಒಲ ಎಲ್ಲಾ ನನ್ ಎಸ್ರಿಗೆ ಮಾಡ್ಸುವಾಗ ಒಂದೊಂದ್ ಸೀರೆ ತಗಂಡು ಸೈನ್ ಆಕುದ್ರು. ಪ್ರೀತಿ ಅಂದ್ರೆ ಇಂಗಿರ್ಬೇಕು."

ಮಾನ ಮರ್ಯಾದೆ ಇರೋರಿಗೆ ಆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇವರು ಡಬ್ಬಿ ಖಾಲಿ ಮಾಡಿ ಎದ್ದರು.

ಅಕ್ಕತಂಗಿಯರ ಮೇಲೆ ನಡೆಸಿದ ವಿದ್ಯೆಯನ್ನೇ ನಮ್ಮ ಮೇಲೂ ನಡೆಸಿದರು. ಐದು ವರ್ಷ ಬಿಡದೆ ದುಡಿದವರು ಕೆಲಸ ಬಿಟ್ಟಾಗ ಗ್ರಾಚ್ಯುಟಿ ಅಂತ ಇಡಿಗಂಟು ಕೊಡಬೇಕು. ಹಾಗಾಗಿ ಐದು ತುಂಬೋ ಮೊದಲೇ, ಒಂದು ಗೌರಿ ಹಬ್ಬ ನೋಡಿಕೊಂಡು, ಕಂಪನಿಯ ಬೋರ್ಡು ಬದಲಾಗುತ್ತಿತ್ತು. "ಎಸ್ರು ಕೂಡಿಬಂದಿಲ್ಲ ಅಂದ್ರು ಜೋಯಿಸ್ರು." ಟೇಬಲ್ಲಿನ ಒಂದು ಕಡೆ ಹಳೇ ಕಂಪನಿಗೆ ರಾಜೀನಾಮೆ, ಇನ್ನೊಂದು ಕಡೆ ಮೊರದ ಬಾಗಿನ. ಅರಿಶಿನ, ಕುಂಕುಮ, ಬಳೆ, ಮೇಲೊಂದು ಸೀರೆ. ಸಹಿ ಹಾಕಿದವಳ ಕೈಗೆ ಮೊರ. ಅಣ್ಣ ಅಂತ ಕೊಡುವ ಗೌರಿ ಬಾಗಿನವನ್ನ ಬೇಡ ಅನ್ನೋಕೆ ಯಾವ ಹೆಂಗಸಿಗೆ ಬಾಯಿ ಬರುತ್ತೆ? ಎರಡು ಸಲ ತವರಿಗೆ ಹೋದ ಹಾಗೆ ನಗುತ್ತಾ ಸಾಲಲ್ಲಿ ನಿಂತು, ದುಡಿದ ವರ್ಷಗಳನ್ನೆಲ್ಲ ಬರೆದುಕೊಟ್ಟು ಬಂದೆವು. ಆ ಸೀರೆಯೋ, ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ಮಗನ ಯೂನಿಫಾರ್ಮ್ ಹಾಳುಮಾಡಿತು.

ನನಗಿಂತ ಸ್ವಲ್ಪ ಮೊದಲೇ ಕೆಲಸಕ್ಕೆ ಸೇರಿದ್ದ ಪಕ್ಕದ ಮಿಷನ್ನಿನ ರತ್ನಮ್ಮಕ್ಕನಿಗೆ ಅದೂ ಸಿಗಲಿಲ್ಲ. ಗಂಡ ತೀರಿಕೊಂಡವಳು. ಮೊದಲ ಸಲ ಪಾಪ, ನಮ್ಮ ಹಿಂದೆ ಬಂದು ನಿಂತಿದ್ದಳು. ಮುನಿರಾಜಣ್ಣ ಕೈ ಮುಗಿದರು. "ನೀನು ಅತ್ಲಾಗ್ ಓಗವ್ವ. ಮುತ್ತೈದೇರ್ ಕಾರ್ಯ ಇದು." ಅವಳು ಸ್ಟೋರ್ ರೂಮಿಗೆ ಹೋಗಿ ಬಟ್ಟೆ ಬಂಡಲ್ ಮೇಲೆ ಕೂತು ಅತ್ತಳು. ಎರಡನೇ ಸಲ ಯಾರೂ ಹೇಳದೇ ತಾನೇ ಹೋಗಿ ಕೂತಳು. ಥೂ, ಇವರ ಅಣ್ಣತನಕ್ಕೆ ಬೆಂಕಿ ಬೀಳ!

ಹೋದ ವರ್ಷ ಅವಳ ಬೆನ್ನು ಬಿದ್ದುಹೋಯಿತು. ಸ್ಟೂಲ್ ಮೇಲೆ ಕೂರೋಕೇ ಆಗದೆ ಕೆಲಸ ಬಿಟ್ಟಳು. "ಗ್ರಾಚ್ಯುಟಿ ಬಂದ್ರೆ ಬಾಗಲೂರಲ್ಲಿ ಒಂದು ಪೆಟ್ಟಿಗೆ ಅಂಗಡಿ ಇಟ್ಕೋತೀನಿ ಕಣೇ. ಇಲ್ದಿದ್ರೆ ತಮ್ಮನ ಹೆಂಡ್ತಿ ಕೈಲಿ ಬೈಸ್ಕೊಂಡು ಮೂಲೇಲಿ ಬಿದ್ದಿರ್ಬೇಕು" ಅನ್ನುತ್ತಿದ್ದಳು. ಮುನಿರಾಜಣ್ಣ ಕೈ ಮುಗಿದರು. "ಒಸಾ ಕಂಪನಿಗೆ ಇನ್ನೂ ಐದ್ ವರ್ಸ ಆಗಿಲ್ವಲ್ಲವ್ವ!"

ನಾನೇ ಅವಳನ್ನ ಲೇಬರ್ ಆಫೀಸಿಗೆ ಎಳೆದುಕೊಂಡು ಹೋದೆ. ವಿಚಾರಣೆ ದಿನ ಮುನಿರಾಜಣ್ಣನ ಹಿಂದೆ ಮ್ಯಾನೇಜರ್ ನಮ್ಮೆಲ್ಲರ ರಾಜೀನಾಮೆಗಳ ಕಟ್ಟು ಹೊತ್ತು ತಂದಿದ್ದ. "ಈಯಮ್ಮಂದು ಎಲ್ಲಿ?" ಅಂದರು ಆಫೀಸರ್. ಕಟ್ಟು ಮೇಲೆ ಕೆಳಗೆ ಮಾಡಿದ. ಇದ್ದರೆ ತಾನೇ! ಸಹಿ ಹಾಕಿಸಿಕೊಂಡಿದ್ದು ಬಾಗಿನದ ಸಾಲಲ್ಲಿ. ಆ ಸಾಲಿಂದ ಅವಳನ್ನ ಓಡಿಸಿದ್ದು ಮುನಿರಾಜಣ್ಣನೇ. ರಾಜೀನಾಮೆಯೇ ಇಲ್ಲ ಅಂದಮೇಲೆ ಹನ್ನೆರಡು ವರ್ಷದ್ದೂ ಕೊಡಿ ಅಂದರು ಆಫೀಸರ್.

ಹೊರಗೆ ಬಂದಮೇಲೂ ಮುನಿರಾಜಣ್ಣ ಕೈ ಮುಗಿದರು. "ಏನವ್ವ ರತ್ನಮ್ಮ, ಅಣ್ಣನ್ ಮೇಲೇ ಕೇಸಾ?"

"ನನಗೂ ಒಂದು ಮೊರ ಕೊಟ್ಟಿದ್ರೆ ನಾನೂ ಸಹಿ ಹಾಕ್ತಿದ್ದೆ ಕಣಣ್ಣ" ಅಂದಳು ರತ್ನಮ್ಮಕ್ಕ.

ಮುನಿರಾಜಣ್ಣನನ್ನ ನಾನು ನೋಡಿದ್ದು ಅದೇ ಕೊನೆ. ಆ ಶೆಡ್ಡನ್ನ ಗೋಡೌನಿಗೆ ಬಾಡಿಗೆ ಕೊಟ್ಟು, ಎಲ್ಲೋ ದೂರದಲ್ಲಿ ಹೊಸ ಬೋರ್ಡು ಹಾಕಿದ್ದಾರಂತೆ. ಅಲ್ಲಿಯ ಹೆಂಗಸರಿಗೂ ಅಣ್ಣನೇ ಆಗಿರುತ್ತಾರೆ. ಬೀದಿಗೆ ಬಿದ್ದ ನಮಗೆ ಬಿಡಿಗಾಸು ಬರಲಿಲ್ಲ. ಸಹಿ ಹಾಕಿದ್ದೀರಲ್ಲಮ್ಮ ಅಂದರು ಲೇಬರ್ ಆಫೀಸಿನಲ್ಲಿ, ಮುಗೀತು.

ಮೊನ್ನೆ ರತ್ನಮ್ಮಕ್ಕ ಫೋನ್ ಮಾಡಿದ್ದಳು. ಗ್ರಾಚ್ಯುಟಿ ದುಡ್ಡಲ್ಲಿ ಇಟ್ಟ ಅಂಗಡಿಯಲ್ಲಿ ಬೇಳೆ ಕೇರೋಕೆ ಒಂದು ಮೊರ ಬೇಕಂತೆ. ಅಟ್ಟದ ಮೇಲೆ ಬಿದ್ದಿದ್ದ ಎರಡೂ ಮೊರ ಇಳಿಸಿ, ಧೂಳು ಒರೆಸಿ, ತೆಗೆದುಕೊಂಡು ಹೋಗಿ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತಗೊಂಡು, ನನ್ನ ಮುಖ ನೋಡಿದಳು.

"ಸಹಿ ಎಲ್ಲಿ ಹಾಕ್ಲೇ?"