ಸೋಮವಾರ ಸಂಜೆ ಆರೂವರೆಯ ಹಿಮ

ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ಮದುವೆಯಾದ ಲಾಗಾಯ್ತು ಗಂಡ ಹೇಳುತ್ತಾ ಬಂದಿದ್ದಾರೆ. ಇರಲಿ. ಆದರೆ ಆ ಚಳಿಗಾಲದ ಸೋಮವಾರಗಳಲ್ಲಿ ಮಾತ್ರ ನನ್ನಷ್ಟು ಸಾಧು ಹೆಂಗಸು ಇಡೀ ಕುವೈತಿನಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ. ಜಾಬ್ರಿಯಾದ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮುಗಿಸಿ, ಸ್ಟಾಫ್ ಬಸ್ಸಿನಲ್ಲಿ ಮಂಗಫ್‌ಗೆ ಬಂದು, ನರ್ಸಿನ ಸಮವಸ್ತ್ರ ಬಿಚ್ಚಿ ಹಾಕಿ, ಹಬ್ಬಕ್ಕೆ ಹೊರಟವಳ ಹಾಗೆ ಒಳ್ಳೆಯ ಚೂಡಿದಾರ್ ಹಾಕಿ, ಆರು ಗಂಟೆಗೇ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಕೂರುತ್ತಿದ್ದೆ. ಆರೂವರೆಗೆ ಮಗನ ವೀಡಿಯೊ ಕರೆ ಬರುತ್ತಿತ್ತು. ಕೆನಡಾದ ಬಯಲಿನ ಆ ಊರಿನಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆ.

ಮಗ ಅಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಮಿಷನರಿ. ಇದನ್ನು ಈಗ ಇಷ್ಟು ಸಲೀಸಾಗಿ ಬರೆಯುತ್ತಿದ್ದೇನೆ, ಆಗ ಈ ಮಾತು ಬಾಯಿಗೇ ಬರುತ್ತಿರಲಿಲ್ಲ. ನಮ್ಮದು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆ. ಗಂಡನ ಜೊತೆ ನನ್ನದು ಕೊಂಕಣಿ. ಮಗನ ಜೊತೆ ಹಟ ಹಿಡಿದು ಕನ್ನಡ. ಅವನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಬ್ಬನೇ ಮಗ, ಇದೇ ಕುವೈತಿನಲ್ಲಿ ಹುಟ್ಟಿ ಬೆಳೆದವನು. ಶಾಲೆಯ ಫಿಲಿಪಿನೊ ಗೆಳೆಯನೊಬ್ಬನ ಮನೆಗೆ ಹೋಗುತ್ತಾ ಬರುತ್ತಾ, ಇಲ್ಲಿ ರಜೆಯ ದಿನವಾದ ಶುಕ್ರವಾರ ಅವರ ಪ್ರಾರ್ಥನೆಗೂ ಹೋಗುತ್ತಾ ಬರುತ್ತಾ, ಹದಿನೆಂಟು ತುಂಬಿದ ಮೇಲೆ ಒಂದು ದಿನ ಊಟದ ಹೊತ್ತಿಗೆ ತಾನು ಅವರ ಸಭೆಗೆ ಸೇರುತ್ತೇನೆಂದ.

"ನಮ್ಮ ಇಗರ್ಜಿ ನಿನಗೆ ಎಂತ ಕಡಿಮೆ ಮಾಡಿತು ಮಾರಾಯ?" ಎಂದು ಕೇಳಿದೆ.

"ನಥಿಂಗ್, ಅಮ್ಮಾ. ಇಟ್ಸ್ ನಾಟ್ ದಟ್," ಎಂದ. ಜಗಳಕ್ಕೆ ಬಂದಿದ್ದರೆ ನಾನು ಗೆಲ್ಲುತ್ತಿದ್ದೆ. ಅವನು ತಟ್ಟೆ ತೊಳೆದಿಟ್ಟು ಹೋದ. ಮರುವರ್ಷ ಎರಡು ವರ್ಷದ ಮಿಷನ್ ಸೇವೆಗೆ ಕರೆ ಬಂತು. ಸೆಪ್ಟೆಂಬರಿನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಹೊರಟೇ ಹೋದ. ವಿಮಾನ ನಿಲ್ದಾಣದಲ್ಲಿ ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಆ ಬೀಗ ತೆಗೆಸಿದ್ದು ಹಿಮ. ನವೆಂಬರಿನ ಒಂದು ಸೋಮವಾರ ಕರೆ ಬಂದಾಗ ಪರದೆಯ ಮೇಲೆ ಅವನ ಮುಖವೇ ಇಲ್ಲ, ಬರೀ ಬಿಳಿ. "ಅಮ್ಮಾ, ಲುಕ್, ಲುಕ್," ಎಂದು ಅವನ ದನಿ ಹಾರಾಡುತ್ತಿತ್ತು. ಮನೆ, ಮರ, ಕಾರು, ಬೇಲಿ ಎಲ್ಲದರ ಮೇಲೂ ಮೊಣಕಾಲುದ್ದ ಹಿಮ. ನಾನು ಕುರ್ಚಿಯಿಂದ ಎದ್ದು ನಿಂತೇಬಿಟ್ಟೆ. ಗಂಡನನ್ನು ಕೂಗಿದೆ. ಪಕ್ಕದ ಫ್ಲ್ಯಾಟಿನ ತುಳು ಅಕ್ಕನನ್ನು ಕೂಗಿದೆ. ಅಕ್ಕ ಕನ್ನಡಕ ಏರಿಸಿ ನೋಡಿ, "ನನ್ನ ಫ್ರೀಜರ್ ಕ್ಲೀನ್ ಮಾಡದೆ ಮೂರು ತಿಂಗಳು ಬಿಟ್ಟರೆ ಹೀಗೇ ಆಗುವುದು," ಎಂದರು. ಮಗ ನಕ್ಕು ನಕ್ಕು ಕೂತೇಬಿಟ್ಟ, ಹಿಮದ ಮೇಲೆಯೇ. ಅವನು ಹಾಗೆ ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ನನಗೆ ಖುಷಿ ತಡೆಯಲಾಗಲಿಲ್ಲ.

ಅಲ್ಲಿಂದ ಮುಂದೆ ವಾರವಿಡೀ ಸೋಮವಾರದ್ದೇ ಜಪ. ಅವರ ಕಟ್ಟುಪಾಡುಗಳನ್ನು ನಾನು ಒಂದೊಂದಾಗಿ ಬಿಡಿಸಿ ಕೇಳುತ್ತಿದ್ದೆ. ಬೆಳಿಗ್ಗೆ ಆರೂವರೆಗೆ ಏಳಬೇಕು. ಇಲ್ಲಿ ಮುಖಕ್ಕೆ ನೀರು ಚಿಮುಕಿಸಿದರೂ ಏಳದವನು. ಕಸರತ್ತು, ಪ್ರಾರ್ಥನೆ, ಓದು. ಆಮೇಲೆ ಬಿಳಿ ಶರ್ಟು, ಟೈ, ಅದರ ಮೇಲೆ ನಾಲ್ಕು ಪದರ ಬಟ್ಟೆ, ಎದೆಗೆ ಮನೆತನದ ಹೆಸರಿನ ಕಪ್ಪು ಫಲಕ, ಮತ್ತೆ ಬೀದಿ ಬೀದಿಯ ಬಾಗಿಲು. ಟಿವಿ ಇಲ್ಲ, ಸಿನಿಮಾ ಇಲ್ಲ, ಆ ಚಳಿಯಲ್ಲಿ ಚಹಾ ಕಾಫಿಯೂ ಇಲ್ಲ. ಇಬ್ಬಿಬ್ಬರು ಸದಾ ಜೊತೆಗೇ ಇರಬೇಕು. ಒಬ್ಬನ ಕೂದಲು ಕತ್ತರಿಸುವಾಗ ಇನ್ನೊಬ್ಬ ಬೆಂಚಿನ ಮೇಲೆ ಕಾಯಬೇಕು. ಸೋಮವಾರ ಮಾತ್ರ ಬಟ್ಟೆ ಒಗೆಯಲಿಕ್ಕೆ, ಸಾಮಾನು ತರಲಿಕ್ಕೆ, ಮನೆಗೆ ಮಾತನಾಡಲಿಕ್ಕೆ ಬಿಡುವು. ಒಬ್ಬರನ್ನೊಬ್ಬರು ಕರೆಯುವುದು ಹಿರಿಯ ಎಂದು. ನನ್ನ ಹಿರಿಯನಿಗೆ ಮೀಸೆಯೇ ಸರಿಯಾಗಿ ಬಂದಿರಲಿಲ್ಲ.

ಅವನ ಜೊತೆಗಾರ ಪೆಸಿಫಿಕ್ ದ್ವೀಪವೊಂದರ ಹುಡುಗ. ಬಾಗಿಲು ತುಂಬುವಂಥ ಆಳು, ದನಿ ಮಾತ್ರ ಮೆತ್ತಗೆ. ಇಬ್ಬರೂ ಬಿಸಿಲಿನ ಊರಿನವರು, ಇಬ್ಬರಿಗೂ ಹಿಮ ಹೊಸದು. ಮೊದಲ ವಾರ ತಲೆಗೆ ಸ್ನಾನ ಮಾಡಿ ಹಾಗೇ ಹೊರಗೆ ಹೋಗಿ ಕೂದಲು ಕಡ್ಡಿಯಾಗಿತ್ತಂತೆ. ಕಾರಿಗೆ ರಾತ್ರಿಯಿಡೀ ವಯರು ಚುಚ್ಚಿ ಕರೆಂಟ್ ಕೊಡಬೇಕಂತೆ, ಇಲ್ಲದಿದ್ದರೆ ಬೆಳಿಗ್ಗೆ ಎಂಜಿನ್ ಏಳುವುದಿಲ್ಲವಂತೆ. ರಿಫೈನರಿಯಲ್ಲಿ ಇಪ್ಪತ್ತೆರಡು ವರ್ಷ ಬೆಂಕಿಯ ಮುಂದೆ ಬೆಂದ ನನ್ನ ಗಂಡ ಇದನ್ನು ಕಂಪನಿ ಬಸ್ಸಿನಲ್ಲಿ ಹೇಳಿ, ಯಾರೂ ನಂಬದೆ, ಮುಂದಿನ ವಾರ ಆ ವಯರಿನ ಫೋಟೊ ತರಿಸಿಕೊಂಡರು. ನನ್ನದು ನರ್ಸಿನ ಬುದ್ಧಿ. "ಕೈ ತೋರಿಸು. ಉಗುರು ಒತ್ತಿ ಬಿಡು. ಕೆಂಪು ಬೇಗ ಬರ್ತದಾ ನೋಡುವ," ಎಂದು ಪ್ರತಿ ಕರೆಯಲ್ಲೂ ಹತ್ತು ಬೆರಳು ಪರೀಕ್ಷೆ. ಆಮೇಲೆ ದ್ವೀಪದ ಹುಡುಗನೂ ತಾನಾಗಿ ಬಂದು ಕೈ ಚಾಚತೊಡಗಿದ. ಇಪ್ಪತ್ತು ಬೆರಳು ನೋಡಿದ ಮೇಲೆಯೇ ನನಗೆ ನಿದ್ದೆ.

ಇನ್ನು ನನ್ನ ಹೊಟ್ಟೆಯೊಳಗೆ ಏನಿತ್ತು ಎನ್ನುವುದನ್ನೂ ಹೇಳಬೇಕು. ಕುವೈತಿನಲ್ಲಿ ನಮ್ಮಂಥವರ ವಾಸಕ್ಕೆ ಇಕಾಮಾ ಎಂಬ ಪರವಾನಗಿ ಬೇಕು. ಇಕಾಮಾ ಇದ್ದವರು ಆರು ತಿಂಗಳಿಗಿಂತ ಹೆಚ್ಚು ಹೊರಗೆ ನಿಂತರೆ ಅದು ತಾನಾಗಿ ರದ್ದು. ಅದಕ್ಕೇ ಮಕ್ಕಳನ್ನು ಊರಿನಲ್ಲಿ ಓದಲು ಬಿಟ್ಟವರೆಲ್ಲ ಆರು ತಿಂಗಳು ತುಂಬುವುದರೊಳಗೆ ಅವರನ್ನು ಒಮ್ಮೆ ಕರೆಸಿ, ವಿಮಾನ ನಿಲ್ದಾಣಕ್ಕೆ ಮುಖ ತೋರಿಸಿ, ನಾಲ್ಕು ದಿನ ಮೀನು ತಿನ್ನಿಸಿ ಕಳಿಸುತ್ತಾರೆ. ನಮ್ಮ ಕಟ್ಟಡದಲ್ಲೇ ಅಂಥ ಐದಾರು ಮನೆ ಇವೆ. ಆದರೆ ಮಿಷನರಿಗೆ ನಡುವೆ ರಜೆ ಇಲ್ಲ. ಬಂದರೆ ಬಂದ ಹಾಗೆ, ಸೇವೆ ಮುಗಿಯಿತು. ಬಾರದಿದ್ದರೆ ಮಾರ್ಚ್ ಮೊದಲ ವಾರಕ್ಕೆ ಇಕಾಮಾ ಹೋಯಿತು. ಸರ್ಕಾರಿ ಕಾಗದಪತ್ರ ಓಡಾಡಿಸುವ ಕಂಪನಿಯ ಮಂದೂಬನನ್ನು ಗಂಡ ಕೇಳಿದರು. ಅವನು, "ಓದುವ ಹುಡುಗನಾದರೆ ಕಾಗದ ಕೊಡಬಹುದು ಭಾಯಿ. ಬಾಗಿಲು ತಟ್ಟುವವನಿಗೆ ಯಾವ ಕಾಗದ?" ಎಂದನಂತೆ.

ಇಲ್ಲಿ ಹುಟ್ಟಿದ್ದು, ಇಲ್ಲಿ ನಡೆಯಲು ಕಲಿತದ್ದು, ಇದೇ ಸಮುದ್ರದ ದಂಡೆಯಲ್ಲಿ ಸೈಕಲ್ ಹೊಡೆದದ್ದು ಯಾವುದೂ ಲೆಕ್ಕಕ್ಕಿಲ್ಲ. ಇಕಾಮಾ ಇದ್ದರೆ ಊರು. ನಾನು ಕ್ಯಾಲೆಂಡರಿನಲ್ಲಿ ದಿನ ಅಳಿಸುತ್ತಾ ಕೂತೆ. ನಿಜ ಹೇಳುತ್ತೇನೆ, ಬೇಕಾದರೆ ಬೈದುಕೊಳ್ಳಿ. ಅಲ್ಲಿ ಚಳಿ ಹೆಚ್ಚಿದಷ್ಟೂ ನನಗೆ ಆಸೆ ಹೆಚ್ಚುತ್ತಿತ್ತು. ಮೈನಸ್ ಮೂವತ್ತು ಎಂದರೆ ಬಾಯಲ್ಲಿ ಅಯ್ಯೋ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಇನ್ನೂ ಐದು ಇಳಿಯಲಿ ಎನ್ನುತ್ತಿದ್ದೆ. ಸಾಕಾಗಿ ಬಂದುಬಿಡಲಿ ಎಂದು ಮಾತೆಯ ಮುಂದೆ ಮೇಣದ ಬತ್ತಿಯನ್ನೂ ಹಚ್ಚಿದ್ದೆ.

ಫೆಬ್ರವರಿಯಲ್ಲಿ ನನ್ನ ಪ್ರಾರ್ಥನೆ ಫಲಿಸಿತು. ಅಕ್ಟೋಬರಿನಿಂದ ಇವರನ್ನು ಮನೆಗೆ ಕರೆದು ಮಾತನಾಡಿಸುತ್ತಿದ್ದ ಒಂದು ಕುಟುಂಬ ಇನ್ನು ಬರಬೇಡಿ ಎಂದಿತ್ತು. ಅದರ ಮೇಲೆ ಮಗನಿಗೆ ವಾರ ಪೂರ್ತಿ ಜ್ವರ. ಎದ್ದು ಹೊರಗೆ ಹೋದರೆ ದಿನಕ್ಕೆ ನಲವತ್ತು ಬಾಗಿಲು, ಒಂದೂ ತೆರೆಯಲಿಲ್ಲ. ಆ ಸೋಮವಾರ ಅವನು ಹಿಮ ತೋರಿಸಲಿಲ್ಲ. ಗೋಡೆಗೆ ಒರಗಿ ಕೂತು, "ಅಮ್ಮಾ, ಐ ವಾಂಟ್ ಟು ಕಮ್ ಹೋಮ್," ಎಂದ.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರ ಮುಖ್ಯಸ್ಥರು ಒಂದು ವಾರ ಯೋಚಿಸು ಎಂದಿದ್ದರಂತೆ. ನನಗೆ ಯೋಚನೆ ಎಂಥದ್ದು? ಅಂದೇ ಗಂಡನ ಕೈಯಲ್ಲಿ ಮುಂದಿನ ಗುರುವಾರದ ಟಿಕೆಟ್ ಮಾಡಿಸಿದೆ. ಇಕಾಮಾ ಮುಗಿಯಲು ಎಂಟು ದಿನ ಬಾಕಿ ಇರುವಾಗ ಅವನು ಇಲ್ಲಿ ಇಳಿಯುತ್ತಿದ್ದ. ಹಾಸಿಗೆಗೆ ಹೊಸ ಹೊದಿಕೆ ಬಂತು. ಮೀನು ಮಾರುಕಟ್ಟೆಯವನಿಗೆ ಜುಬೈದಿ ಮೀನು ಹೇಳಿಟ್ಟೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಡಂಗುರ ಸಾರಿದೆ. ರೋಗಿಗಳ ಕೈಗೆ ಸೂಜಿ ಚುಚ್ಚುವಾಗಲೂ ಹಾಡು ಗುನುಗುತ್ತಿದ್ದೆನೆಂದು ನಮ್ಮ ಮೇಲ್ವಿಚಾರಕಿ ಮಲಯಾಳಿ ಸಿಸ್ಟರ್ ನಗಾಡಿದರು. "ಏನು, ಲಾಟರಿ ಹೊಡೆಯಿತಾ?" ಎಂದು ತುಳು ಅಕ್ಕ ಕೇಳಿದರು. ಹೊಡೆಯಿತು ಎಂದೆ.

ಹೊರಡುವ ಮೊದಲಿನ ಕೊನೆಯ ಸೋಮವಾರ ಬಂತು. ಗಂಡನೂ ಪಕ್ಕದಲ್ಲಿ ಕೂತರು. ಮಗನ ಹಿಂದೆ ಸೂಟ್‌ಕೇಸ್ ತೆರೆದಿತ್ತು. ಗುರುವಾರ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿ ವಿಮಾನ ಬದಲಿಸಬೇಕು ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ.

"ಸರಿ ಅಮ್ಮ," ಎಂದ.

"ದಪ್ಪ ಜಾಕೆಟ್ ಕೈಯಲ್ಲೇ ಹಿಡಿದುಕೋ."

"ಆಯ್ತಮ್ಮ. ನೀನು ಹೇಳಿದ ಹಾಗೆ."

ಹತ್ತೊಂಬತ್ತು ವರ್ಷ ಬೈದರೂ, ಲಂಚ ಕೊಟ್ಟರೂ ಬಾರದ ಕನ್ನಡ, ಈಗ ಕೇಳದೆಯೇ ಬರುತ್ತಿತ್ತು. ಎಷ್ಟು ಚಂದದ ಕನ್ನಡ. ಕೇಳಿದರೆ ಹೊಟ್ಟೆ ತಣ್ಣಗಾಗಬೇಕಿತ್ತು, ನನ್ನ ಕೈಕಾಲು ತಣ್ಣಗಾಯಿತು. ವಾರ್ಡಿನಲ್ಲಿ ಇಷ್ಟು ವರ್ಷ ದುಡಿದವಳಿಗೆ ಇದೊಂದು ಗೊತ್ತು: ಕಿರುಚುವ ರೋಗಿಗೆ ಹೆದರಬೇಕಾಗಿಲ್ಲ. ದಿನವೂ ಕಿರುಚುತ್ತಿದ್ದವನು ಒಂದು ಬೆಳಿಗ್ಗೆ ಹೇಳಿದ್ದಕ್ಕೆಲ್ಲ ಸರಿ ಸಿಸ್ಟರ್ ಎಂದರೆ, ಓಡಿಹೋಗಿ ಡಾಕ್ಟರನ್ನು ಕರೆಯಬೇಕು.

"ಹೊರಗೆ ಹಿಮ ಎಷ್ಟು ಉಂಟು, ತೋರಿಸು," ಎಂದೆ.

ಜೊತೆಗಾರ ಫೋನ್ ಹಿಡಿದ. ಇಬ್ಬರೂ ಕೋಟು ತೊಟ್ಟು ಮೆಟ್ಟಿಲಿಗೆ ಬಂದರು. ಪಕ್ಕದ ಮನೆಯ ಬಾಗಿಲಲ್ಲಿ ಒಬ್ಬಳು ಬಿಳಿ ಮುದುಕಿ ಪೊರಕೆ ಹಿಡಿದು ನಿಂತಿದ್ದಳು. ಧರ್ಮದ ಮಾತು ನನ್ನ ಹತ್ತಿರ ಬೇಡ, ಹಿಮ ಬೇಕಾದರೆ ತೆಗೆಯಿರಿ ಎಂದು ಮೊದಲೇ ಹೇಳಿದವಳಂತೆ. ಮಗನನ್ನು ಕಂಡದ್ದೇ ಇಂಗ್ಲಿಷಿನಲ್ಲಿ ಜೋರು ಮಾಡಿದಳು. ನಿನ್ನೆಯಿಂದ ಕಾಯುತ್ತಿದ್ದೇನೆ, ಹಾಲು ತರಲು ಹೋಗುವುದು ಹೇಗೆ, ನಿನಗೆ ಏನಾಗಿದೆ ಎಂದಳು. ನನ್ನದೇ ಜಾತಿಯ ಹೆಂಗಸು.

ಮಗನ ಮುಖ ನೋಡಬೇಕಿತ್ತು. "ಸಾರಿ, ಸಾರಿ, ಕಮಿಂಗ್," ಎಂದು ಗೋಡೆಗೆ ಒರಗಿಸಿದ್ದ ಸಲಿಕೆ ಹಿಡಿದು ಓಡಿದ. ಒಂದು ಸಲಿಕೆ, ಎರಡು ಸಲಿಕೆ, ಉಸಿರು ಹೊಗೆ ಹೊಗೆ. ಮುದುಕಿ ನಿಂತಲ್ಲಿಂದಲೇ ಅಲ್ಲಿ ಉಳಿಯಿತು, ಇಲ್ಲಿ ಉಳಿಯಿತು ಎನ್ನುತ್ತಿದ್ದಳು. ಅವನು ಅವಳಿಗೆ ತಿರುಗಿ ಉತ್ತರ ಕೊಡುತ್ತಾ, ನಗುತ್ತಾ, ಜಾರಿ ಬೀಳುವುದರಲ್ಲಿ ತಪ್ಪಿಸಿಕೊಳ್ಳುತ್ತಾ ತೆಗೆಯುತ್ತಲೇ ಇದ್ದ. ನಾನು ಮಂಗಫ್‌ನಿಂದ ಕಿರುಚಿದೆ, "ಬೆನ್ನು ಬಗ್ಗಿಸಬೇಡ, ಮೊಣಕಾಲು ಬಗ್ಗಿಸು." ಅವನು ಅಲ್ಲಿಂದ, "ಐ ನೋ, ಅಮ್ಮಾ, ಐ ನೋ, ಸ್ಟಾಪ್ ಇಟ್," ಎಂದು ರೇಗಿದ. ನನಗೆ ಜೀವ ಬಂದ ಹಾಗಾಯಿತು.

ಗಂಡ ನನ್ನ ಕಡೆ ನೋಡಿದರು. ನಾನೇ ಏಕೆ ಹೇಳಬೇಕು ಎನ್ನಿಸಿ ಸಿಟ್ಟು ಬಂತು, ಅಳುವೂ ಬಂತು. ಆದರೂ ಹೇಳಿದೆ. ಮಗ ಬೆವರು ಒರೆಸಿಕೊಂಡು ಫೋನ್ ತೆಗೆದುಕೊಂಡಾಗ, "ನೋಡು, ನಿನಗೆ ಅಲ್ಲಿ ಆಗುವುದೇ ಇಲ್ಲ ಅಂತಾದರೆ ಗುರುವಾರ ಹೊರಟು ಬಾ, ನಾನು ಏರ್‌ಪೋರ್ಟಿನಲ್ಲಿ ನಿಂತಿರ್ತೇನೆ. ಜ್ವರ ಬಂತು, ಬಾಗಿಲು ತೆರೆಯಲಿಲ್ಲ ಅಂತ ಬರುವುದಾದರೆ ಬರಬೇಡ. ಜ್ವರ ಹೋಯ್ತಲ್ಲ," ಎಂದೆ.

"ಬಟ್ ಇಕಾಮಾ?" ಎಂದ. ಅವನಿಗೂ ತಾರೀಖು ನೆನಪಿತ್ತು. ನಾನೊಬ್ಬಳೇ ಎಣಿಸುತ್ತಿದ್ದೇನೆ ಅಂದುಕೊಂಡಿದ್ದೆ.

"ಅದು ನನ್ನ ತಲೆನೋವು," ಎಂದೆ.

ಅವನು ತಿರುಗಿ ನೋಡಿದ. ಹಿಂದೆ ಮುದುಕಿ ಇನ್ನೂ ಏನೋ ಕೂಗುತ್ತಿದ್ದಳು. ಆಮೇಲೆ, "ಐ ವಾಂಟ್ ಟು ಸ್ಟೇ, ಅಮ್ಮಾ," ಎಂದ. ಗುರುವಾರ ಅವನು ಹೊರಡಲಿಲ್ಲ. ಹೇಳಿಟ್ಟಿದ್ದ ಜುಬೈದಿಯನ್ನು ಬೇಡವೆನ್ನಲು ನಾಚಿಕೆಯಾಗಿ ತಂದು ಹುರಿದು, ತುಳು ಅಕ್ಕನ ಮನೆಯವರನ್ನೂ ಕರೆದು ತಿಂದೆವು. ಚೆನ್ನಾಗಿತ್ತು.

ಇಕಾಮಾದ ಆ ಎಂಟು ದಿನವೂ ಕಳೆದ ಮರುದಿನ ಗಂಡ ಸರ್ಕಾರದ ಆ್ಯಪ್ ತೆರೆದು ನೋಡಿದರು. ನಮ್ಮ ಕುಟುಂಬ ಎಂದಿರುವಲ್ಲಿ ಇಬ್ಬರ ಹೆಸರೇ ಇತ್ತು. "ಖಲಾಸ್," ಎಂದು ಫೋನನ್ನು ಮಗುಚಿಟ್ಟರು. ನಾನು ಅಳುತ್ತೇನೆಂದು ಕಾಯುತ್ತಿದ್ದರೋ ಏನೋ. ಫೋನ್ ಎತ್ತಿಕೊಂಡು ಭೇಟಿ ವೀಸಾದ ಅರ್ಜಿ ಎಲ್ಲಿದೆ, ತೆರೆಯಿರಿ ಎಂದೆ. ಅವನ ಸೇವೆ ಮುಗಿಯಲು ಒಂದೂವರೆ ವರ್ಷ ಉಂಟಲ್ಲ ಎಂದರು. ಅದರಲ್ಲಿ ಏನೇನು ಕೇಳುತ್ತಾರೆಂದು ನನಗೆ ಈಗಲೇ ನೋಡಬೇಕಿತ್ತು.

ಬರುವವರ ಹೆಸರು ಕೇಳಿತು, ತುಂಬಿದೆವು. ಸಂಬಂಧ ಕೇಳಿತು, ಮಗ ಎಂದು ತುಂಬಿದೆವು. ಆಮೇಲೆ ಗಂಡನ ಬೆರಳು ನಿಂತಿತು.

"ಕುವೈತಿಗೆ ಬರುವ ಉದ್ದೇಶ ಏನು ಅಂತ ಕೇಳ್ತದೆ," ಎಂದರು. "ಎಂತ ಬರೆಯುವುದು?"

"ಅವನ ಮನೆ ಇಲ್ಲೇ ಇರುವುದು ಅಂತ ಬರೆಯಿರಿ," ಎಂದೆ.