ರಸಾಯನ ತಿಂದು ಮಾಡಿದ ಉಪವಾಸ

ನಮ್ಮ ಜಯನಗರದಲ್ಲಿ ಆಗಿನ್ನೂ ಮನೆಗಳಷ್ಟೇ ಖಾಲಿ ಸೈಟುಗಳೂ ಇದ್ದವು. ಎಪ್ಪತ್ತರ ದಶಕದ ಕೊನೆ. ಸಂಜೆಯಾದರೆ ಆ ಸೈಟುಗಳಲ್ಲಿ ನಮ್ಮ ಕುಂಟೆಬಿಲ್ಲೆ. ನನಗೆ ಹತ್ತು ವರ್ಷ, ನೋಡಿದವರಿಗೆ ಏಳು. ಮನೆಯಲ್ಲಿ ಪುಟ್ಟಿ, ಬೀದಿಯಲ್ಲಿ ಕುಳ್ಳಿ. ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಸಿಸ್ಟರ್ "ಲಿಟಲ್ ಒನ್, ಫ್ರಂಟ್ ಪ್ಲೀಸ್" ಎಂದು ಪ್ರೀತಿಯಿಂದಲೇ ಕರೆಯುತ್ತಿದ್ದರು. ಒಂದು ದಿನವಾದರೂ ಲೈನಿನ ಕೊನೆಯಲ್ಲಿ, ಉದ್ದ ಹುಡುಗಿಯರ ಗುಸುಗುಸುವಿನ ನಡುವೆ ನಿಲ್ಲಬೇಕು ಎಂಬುದೇ ನನ್ನ ದೊಡ್ಡ ಆಸೆ.

ಬೀದಿಯೆಲ್ಲ ಅವರೆಕಾಯಿಯ ಸೊಗಡು ತುಂಬಿದ್ದ ಚಳಿಗಾಲದಲ್ಲಿ ಅಮ್ಮ ನನ್ನನ್ನು ಮಕ್ಕಳ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು.

"ಎತ್ತರ ಬೆಳೆಸೋ ಗ್ರೋತ್ ಹಾರ್ಮೋನ್ ಅಂತ ಒಂದಿದೆ. ಸುಮ್ನೆ ಕೂತಾಗ ಅಳೆದ್ರೆ ಗೊತ್ತಾಗಲ್ಲ. ಬೆಳಿಗ್ಗೆ ಉಪವಾಸ ಕರ್ಕೊಂಡು ಬನ್ನಿ. ಮೆಟ್ಟಿಲು ಹತ್ತಿಸಿ ಇಳಿಸಿ, ಆಮೇಲೆ ರಕ್ತ ತಗೋತೀವಿ."

"ಕಡಿಮೆ ಇದ್ರೆ ಡಾಕ್ಟ್ರೇ?"

"ಇಂಜೆಕ್ಷನ್ ಇದೆ. ಫಾರಿನ್ನಿಂದ ಬರ್ಬೇಕು, ಸಿಗೋದು ಕಷ್ಟ."

ಅಮ್ಮನಿಗೆ ಕೇಳಿಸಿದ್ದು 'ಕಷ್ಟ'. ನನಗೆ ಕೇಳಿಸಿದ್ದು 'ಇಂಜೆಕ್ಷನ್ ಇದೆ'. ಕಡಿಮೆಯೇ ಇರಲಪ್ಪಾ ಎಂದು ಮನೆಯ ಗಣೇಶನಿಗೂ ಸ್ಕೂಲ್ ಚಾಪೆಲಿನ ಮೇರಿ ಮಾತೆಗೂ ಬೇಡಿಕೊಂಡೆ.

ಟೆಸ್ಟಿನ ದಿನ ಅಮ್ಮನಿಗೆ ರಜೆ ಸಿಗಲಿಲ್ಲ. ಜೊತೆಗೆ ಬಂದವಳು ಅಜ್ಜಿ, ಅಪ್ಪನ ತಾಯಿ. ನನ್ನಂತೆಯೇ ಗಿಡ್ಡ.

"ಏನೂ ತಿಂದಿಲ್ಲ ತಾನೆ?" ಎಂದರು ಡಾಕ್ಟರಮ್ಮ.

"ಅಯ್ಯೋ, ಕಟ್ಟುನಿಟ್ಟು ಉಪವಾಸ ಕಣಮ್ಮ. ಅನ್ನದ ಮುಸುರೆ ಮುಟ್ಟಿಲ್ಲ. ಬರೀ ಗೊಜ್ಜವಲಕ್ಕಿ, ಬಾಳೆಹಣ್ಣಿನ ರಸಾಯನ, ಒಂದ್ ಲೋಟ ಹಾಲು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅಜ್ಜಿ, ಇದು ಉಪವಾಸಾನಾ?"

"ಮತ್ತಿನ್ನೇನು? ಶನಿವಾರ ನಾನು ಮಾಡೋದೂ ಇದೇ!"

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಬೆಲ್ಲ ಹೊಟ್ಟೆಗೆ ಹೋದ್ರೆ ಆ ಹಾರ್ಮೋನ್ ಇಳಿದುಬಿಡುತ್ತೆ. ಮುಂದಿನ ವಾರ ಬನ್ನಿ," ಎಂದರು ಡಾಕ್ಟರಮ್ಮ.

ಇಳಿಯುತ್ತದೆಯೇ! "ಇವತ್ತೇ ತಗೊಳ್ಳಿ ಡಾಕ್ಟರ್, ಪ್ಲೀಸ್," ಎಂದೆ. ಯಾಕೆಂದು ಅವರಿಗೆ ತಿಳಿಯಲಿಲ್ಲ. ಅಜ್ಜಿ ಮಾತ್ರ ನನ್ನನ್ನೇ ನೋಡಿದಳು.

ಮುಂದಿನ ವಾರ ಅಜ್ಜಿಯೂ ಕಾಫಿ ಬಿಟ್ಟು ಬಂದಳು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ಸೀರೆ ಎತ್ತಿ ಕಟ್ಟಿ, "ಬಾರೇ, ಸೋತೋರು ದೋಸೆ ಕೊಡಿಸ್ಬೇಕು" ಎಂದು ನನ್ನ ಜೊತೆಗೇ ಹತ್ತತೊಡಗಿದಳು. ಅರ್ಧಕ್ಕೇ ಏದುಸಿರು ಬಿಡುತ್ತಾ ಕುಳಿತಳು. ಆಮೇಲೆ ಸ್ಪಿರಿಟ್ ವಾಸನೆ, ಚುರ್ ಎಂದ ಸೂಜಿ. ರಕ್ತ ಐಸಿನಲ್ಲಿ ಕೂತು ಬೇರೆ ಊರಿಗೆ ಹೋಯಿತು.

ರಿಪೋರ್ಟ್ ಬರುವಷ್ಟರಲ್ಲಿ ಅವರೆಕಾಯಿ ಮುಗಿದಿತ್ತು. "ಎಲ್ಲಾ ನಾರ್ಮಲ್. ಇವಳು ಅಜ್ಜಿ ಥರ, ಅಷ್ಟೇ," ಎಂದರು ಡಾಕ್ಟರಮ್ಮ. ಅಮ್ಮ ತುಪ್ಪದ ದೀಪ ಹಚ್ಚಿದಳು. ನಾನು ಅಡುಗೆಮನೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

"ಏಯ್ ಪುಟ್ಟಿ, ಆ ಉಪ್ಪಿನಕಾಯಿ ಜಾಡಿ ತೆಗಿ," ಎಂದಳು ಅಜ್ಜಿ.

ಮೂಗು ಒರೆಸಿಕೊಂಡು ತೆಗೆದೆ.

"ಸ್ಟೂಲ್ ಬೇಕಾಯ್ತಾ?"

"ಇಲ್ಲ."

"ಮನೆ ಕಟ್ಟಿಸುವಾಗ ನಿಮ್ಮ ತಾತ ನನ್ನ ಇಲ್ಲಿ ನಿಲ್ಲಿಸಿ, ಕೈ ಚಾಚು ಅಂತ ಹೇಳಿ, ಅಳತೆ ತಗೊಂಡು ಹಾಕ್ಸಿದ ಶೆಲ್ಫು ಇದು. ನಿಮ್ಮಮ್ಮ ದಿನಾ ಹಣೆ ಜಜ್ಜಿಸ್ಕೋತಾಳೆ ನೋಡು! ಇದು ನಮ್ಮಿಬ್ಬರಿಗೇ ಸರಿಯಾಗಿರೋದು ಕಣೇ."

ಅಳುತ್ತಲೇ ನಕ್ಕುಬಿಟ್ಟೆ.

ಕೊನೆಗೆ ನಾನು ಅಜ್ಜಿಯಷ್ಟೇ ಎತ್ತರಕ್ಕೆ ಬಂದು ನಿಂತೆ, ಒಂದಿಂಚೂ ಹೆಚ್ಚಿಲ್ಲ. ಆ ಮನೆ ಹೋಗಿ ಅದೇ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನನ್ನ ಪಾಲಿನ ಫ್ಲಾಟಿಗೆ ಮಾಡ್ಯುಲರ್ ಕಿಚನ್ ಹಾಕಲು ಬಂದವನು ಟೇಪ್ ಬಿಚ್ಚಿ ಗೋಡೆ ಅಳೆದ, ಕಿಟಕಿ ಅಳೆದ. "ಎಲ್ಲಾ ಸ್ಟ್ಯಾಂಡರ್ಡ್ ಹೈಟೇ ಆಂಟಿ, ಡೋಂಟ್ ವರಿ," ಎಂದ. 'ಕೈ ಚಾಚಿ' ಎಂದು ಅವನು ಹೇಳಲಿಲ್ಲ.

ಉಪ್ಪಿನಕಾಯಿಗೆ ಈಗ ಸ್ಟೂಲ್ ಹತ್ತುತ್ತೇನೆ. ಮಂಡಿ ಹಿಡಿದುಕೊಂಡು ನಿಂತಾಗ, ಪಕ್ಕದಲ್ಲಿ "ಬಾರೇ" ಎಂದು ಏದುಸಿರು ಬಿಡುವವರು ಯಾರೂ ಇಲ್ಲ.